ಉಗ್ರಾಣದ ಬಾಗಿಲು

ಗಂಡಸರ ಫುಟ್‌ಬಾಲ್ ತಂಡದ ಬಟ್ಟೆ ಒಗೆಯಲು ಯಂತ್ರ ಇತ್ತು. ಹೆಂಗಸರ ತಂಡಕ್ಕೆ ಎಕ್ಸಿಲ್ಡಾ ಇದ್ದಳು.

ಇಪ್ಪತ್ತಮೂರು ಅಂಗಿ. ಇಪ್ಪತ್ತಮೂರು ಚಡ್ಡಿ. ಕಿಟ್ವೆ ಊರಿನ ಕೆಂಪು ಮಣ್ಣು ಒಮ್ಮೆ ನೂಲಿಗೆ ಇಳಿಯಿತೆಂದರೆ ಸುಲಭಕ್ಕೆ ಬಿಡುವುದಲ್ಲ. ಮೈದಾನದ ಹಿಂದಿನ ನಲ್ಲಿಯ ಬಳಿ ಕೂತು, ಎರಡು ಕಾಲಿನ ನಡುವೆ ತಗಡಿನ ಬೋಗುಣಿ ಇಟ್ಟುಕೊಂಡು ಬೆಳಗಿನ ಆರರಿಂದ ಉಜ್ಜುತ್ತಿದ್ದಳು. ಒಣಗಿದ್ದಕ್ಕೆ ಇದ್ದಿಲ ಇಸ್ತ್ರಿ ಹಾಕುತ್ತಿದ್ದಳು. ಬೆರಳ ಸಂದಿಯ ಚರ್ಮ ಸುಲಿದಿತ್ತು. ಸಾಬೂನು ನೀರು ತಾಗಿದಾಗಲೆಲ್ಲ ಉರಿಯುತ್ತಿತ್ತು.

ಅಂಗಿಗಳೂ ಇವರಿಗೆಂದು ಹೊಲಿಸಿದ್ದಲ್ಲ. ಗಂಡಸರ ತಂಡ ಹಾಕಿ ಬಿಸಾಕಿದ್ದು. ಎಕ್ಸಿಲ್ಡಾ ಅವುಗಳ ಪಕ್ಕ ಬಿಚ್ಚಿ, ಸೊಂಟದಲ್ಲಿ ಒಳಹೊಲಿಗೆ ಹಾಕಿ, ಹುಡುಗಿಯರ ಮೈಗೆ ಕೂರಿಸಿದ್ದಳು. ಹಳೆಯ ಹೆಸರು ಕಿತ್ತ ಜಾಗದಲ್ಲಿ ಸೂಜಿಯ ತೂತುಗಳು ಹಾಗೇ ಇದ್ದವು. ದೇಶಕ್ಕಾಗಿ ಆಡುವ ಹೆಂಗಸರು ಬೆನ್ನ ಮೇಲೆ ಬೇರೆ ಯಾರದೋ ಹೆಸರಿನ ತೂತು ಹೊತ್ತುಕೊಂಡು ಓಡುತ್ತಿದ್ದರು. ಯಾರಿಗೂ ನಾಚಿಕೆ ಆಗಲಿಲ್ಲ.

ಎಕ್ಸಿಲ್ಡಾಗೆ ಈಗ ಐವತ್ತಮೂರು. ಜಾಂಬಿಯಾ ದೇಶದ ಮೊಟ್ಟಮೊದಲ ಹೆಂಗಸರ ತಂಡಕ್ಕೆ ಅವಳೇ ಗೋಲ್‌ಕೀಪರ್, ಅವಳೇ ನಾಯಕಿ. ಹೇಳಿದರೆ ನಂಬುವವರಿಲ್ಲ. ತಂಡದ ಕಚೇರಿಯ ಪಡಸಾಲೆಯ ಗೋಡೆಗೆ ಸಾಲಾಗಿ ಫೋಟೋ ಹಾಕಿ ಮೇಲೆ ದೊಡ್ಡ ಅಕ್ಷರದಲ್ಲಿ ‘ನಮ್ಮ ಇತಿಹಾಸ’ ಎಂದು ಬರೆಸಿದ್ದಾರೆ. ಆ ಇತಿಹಾಸ ಎಕ್ಸಿಲ್ಡಾ ಆಟ ಬಿಟ್ಟು ಆರು ವರ್ಷವಾದ ಮೇಲೆ ಶುರುವಾಗುತ್ತದೆ. ಅದಕ್ಕೂ ಮೊದಲು ಹನ್ನೊಂದು ಹೆಂಗಸರು ಗಣಿಯ ಲಾರಿಯಲ್ಲಿ ನಿಂತುಕೊಂಡೇ ಗಡಿ ದಾಟಿ ಹೋಗಿ, ಅರ್ಧ ಜನ ಬರಿಗಾಲಲ್ಲಿ ಆಡಿ, ನಾಲ್ಕು ಗೋಲು ತಿಂದು, ಒಂದು ಹೊಡೆದು ಬಂದದ್ದು ಯಾವ ಗೋಡೆಯ ಮೇಲೂ ಇಲ್ಲ. ಆ ಪಡಸಾಲೆಯನ್ನು ದಿನಾ ಬಗ್ಗಿ ಒರೆಸುವವಳೂ ಎಕ್ಸಿಲ್ಡಾನೇ.

“ಏ ಕೋತಿ ತಿನ್ನೋಳೆ! ಇನ್ನೂ ಮುಗೀಲಿಲ್ವಾ? ಎರಡು ಗಂಟೆಗೆ ಬಸ್ಸು. ಹುಡುಗೀರು ಬರೀ ಮೈಲಿ ವಿಮಾನ ಹತ್ತಬೇಕಾ?”

ಬಸ್ಸಿನ ಡ್ರೈವರ್ ಜೆರೆ. ಅಂದು ಆ ಲಾರಿ ಓಡಿಸಿದವನೂ ಇವನೇ. ಅವನು ನ್ಗೋನಿ ಬುಡಕಟ್ಟಿನವನು, ಅವಳು ಬೆಂಬಾ. ಮುತ್ತಾತಂದಿರ ಕಾಲದಲ್ಲಿ ಎರಡು ಕಡೆಯವರೂ ಒಬ್ಬರನ್ನೊಬ್ಬರು ಕಡಿದು ಹಾಕಿದ್ದರು. ಈಗ ಉಳಿದಿರುವುದು ಗೇಲಿಯ ನಂಟು. ಅವರು ಇವರಿಗೆ ಏನು ಬೇಕಾದರೂ ಅನ್ನಬಹುದು, ಇವರು ತಿರುಗಿಸಿ ಅನ್ನಬಹುದು, ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಸಾವಿನ ಮನೆಯಲ್ಲೂ ಆ ಹಕ್ಕಿದೆ. ಅಲ್ಲೇ ಜಾಸ್ತಿ ಇದೆ. ಹೆಣದ ಮುಂದೆ ನಿಂತು ಸತ್ತವರ ನಡಿಗೆ, ಮಾತು ಅಣಕಿಸಿ, ಅಳುವವರನ್ನು ನಗಿಸಿ, ತನ್ನ ಪಾಲು ವಸೂಲಿ ಮಾಡಿಕೊಂಡೇ ಆ ನಂಟ ಏಳುವುದು.

“ನೀನು ಹೋಗಿ ಹೊಲದಲ್ಲಿ ಇಲಿ ಹಿಡ್ಕೋ ಹೋಗು. ದಾರಿಗೆ ಬುತ್ತಿ ಆಗುತ್ತೆ,” ಎಂದಳು ಎಕ್ಸಿಲ್ಡಾ ತಲೆಯೆತ್ತದೆ.

ಜೆರೆ ನಗಲಿಲ್ಲ. ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. “ಮ್ಯಾನೇಜರ್ ಕರೀತಿದಾನೆ. ನೀನೊಬ್ಳೇ ಬರಬೇಕಂತೆ. ಅವನ ಮುಖ ನೋಡಿದ್ರೆ ಒಳ್ಳೇದಕ್ಕೆ ಕರೆದ ಹಾಗಿಲ್ಲ.”

ಅವಳು ಕೈ ಒರೆಸಿಕೊಂಡು, ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯನ್ನು ಬಿಗಿ ಮಾಡಿಕೊಂಡು ಎದ್ದಳು.

ಮ್ಯಾನೇಜರ್ ಚಿಸೆಂಗಾ ಬಾಗಿಲಲ್ಲೇ ಕಾಯುತ್ತಿದ್ದ. ಆರು ವರ್ಷದಿಂದ ಅವನು ಅವಳನ್ನು ‘ಏ ಒಗೆಯೋಳೆ’ ಎಂದೇ ಕರೆದದ್ದು. ಇವತ್ತು ಎರಡೂ ಕೈ ಜೋಡಿಸಿ ಮೆತ್ತಗೆ ತಟ್ಟಿ, ಹಿರಿಯರಿಗೆ ಮಾಡುವ ಹಾಗೆ ಮೊಣಕಾಲು ಬಾಗಿಸಿದ.

“ಬನ್ನಿ ಬಮಾಯೋ. ಕೂತ್ಕೊಳ್ಳಿ.”

ಬಮಾಯೋ ಎಂದರೆ ತಾಯಿ. ಹುಡುಗಿಯರೆಲ್ಲ ಅವಳನ್ನು ಕರೆಯುವುದೇ ಹಾಗೆ. ಚಿಸೆಂಗಾನ ಬಾಯಲ್ಲಿ ಆ ಮಾತು ಕೇಳಿ ಅವಳು ಕುರ್ಚಿಯ ತುದಿಯಲ್ಲೇ ಕೂತಳು.

“ನೀವು ನಾಚಿಂಬೂಸಾ ಅಲ್ವಾ ಬಮಾಯೋ? ನಮ್ಮ ಕೇರಿ ಹುಡುಗೀರನ್ನೆಲ್ಲ ಮದುವೆಗೆ ಮುಂಚೆ ನೀವೇ ಕೂರಿಸೋದು ಅಂತ ಕೇಳಿದೀನಿ.”

“ಹೌದು.”

“ಮುಚ್ಚಿದ ಮನೆಯೊಳಗೆ ಹುಡುಗೀರ ಮೈ ನೋಡ್ತೀರ. ಹೆಣ್ಣಿನ ಕೆಲಸ ಎಲ್ಲ ಕಲಿಸ್ತೀರ. ನಿಮಗೆ ಗೊತ್ತಿಲ್ಲದೆ ಇರೋದು ಯಾವುದೂ ಇಲ್ಲ.”

“ಒಳಗೆ ನೋಡಿದ್ದನ್ನ ಹೊರಗೆ ಆಡೋ ಹಾಗಿಲ್ಲ ಬ್ವಾನಾ. ಆಡಿದವಳು ನಾಚಿಂಬೂಸಾನೇ ಅಲ್ಲ.”

“ಅದು ಸರಿ, ಅದು ಸರಿ,” ಎನ್ನುತ್ತ ಅವನು ಒಂದು ಕಾಗದವನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. “ಸಂಪಾ ವಿಷಯ. ನಮ್ಮ ಎದುರಿಗೆ ಆಡೋ ದೇಶದವರು ಗುಸುಗುಸು ಶುರು ಮಾಡಿದಾರೆ. ಹುಡುಗಿಯಲ್ಲ, ಗಂಡಸು ಅಂತ. ನೀವೇ ನೋಡಿ, ಆ ಭುಜ ನೋಡಿ, ಆ ಧ್ವನಿ ನೋಡಿ. ಎದೆ ಅನ್ನೋದೇ ಇಲ್ಲ. ಅವರು ಕೇಳೋ ಮುಂಚೆ ನಮ್ಮ ಕೈಲಿ ಒಂದು ಕಾಗದ ಇರಬೇಕು. ನಂಗೂ ಹೆಣ್ಣುಮಕ್ಕಳಿದಾರೆ ಬಮಾಯೋ, ಗಂಡಸು ಡಾಕ್ಟರ ಮುಂದೆ ನಿಲ್ಲಿಸೋಕೆ ಮನಸ್ಸು ಬರಲ್ಲ. ನೀವಾದ್ರೆ ತಾಯಿ ಇದ್ದ ಹಾಗೆ. ಐದು ನಿಮಿಷ. ಉಗ್ರಾಣಕ್ಕೆ ಕರ್ಕೊಂಡು ಹೋಗಿ. ನೋಡಿ. ಇಲ್ಲಿ ಸಹಿ ಹಾಕಿ.”

ಕಾಗದದಲ್ಲಿ ಎಲ್ಲ ಅಚ್ಚಾಗಿತ್ತು. ಈ ಆಟಗಾರ್ತಿಯ ದೇಹವನ್ನು ನಾನು ಖುದ್ದಾಗಿ ಪರೀಕ್ಷಿಸಿರುತ್ತೇನೆ. ಸಹಿಯ ಜಾಗದ ಕೆಳಗೆ ಎಕ್ಸಿಲ್ಡಾ ಕಸೊಂಡೆ ಎಂದಿತ್ತು. ಅದರ ಕೆಳಗೆ ‘ಸಾಂಪ್ರದಾಯಿಕ ಸ್ತ್ರೀ ತಜ್ಞೆ’. ಬೆಳಗ್ಗೆ ಒಗೆಯುವವಳಾಗಿದ್ದವಳು ಮಧ್ಯಾಹ್ನದ ಹೊತ್ತಿಗೆ ತಜ್ಞೆಯಾಗಿದ್ದಳು. ಅವಳ ಇಡೀ ಹೆಸರನ್ನು ಈ ಕಚೇರಿಯವರು ಅಚ್ಚು ಹಾಕಿಸಿದ್ದು ಅದೇ ಮೊದಲು.

“ಸಹಿ ಹಾಕದಿದ್ರೆ?”

ಚಿಸೆಂಗಾ ಗಡಿಯಾರ ನೋಡಿಕೊಂಡ. “ಹಾಕದಿದ್ರೆ ಸಂಪಾ ಬಸ್ಸು ಹತ್ತಲ್ಲ. ನೀವು ನಾಳೆಯಿಂದ ಗೇಟು ದಾಟಲ್ಲ. ಆದ್ರೆ ಯಾಕೆ ಹಾಕಲ್ಲ? ಹುಡುಗಿ ಹೆಣ್ಣೇ ಅಂತ ಬರೆದುಕೊಡಿ, ಆಯ್ತಲ್ಲ. ಅವಳಿಗೆ ಒಳ್ಳೇದೇ ಮಾಡ್ತಿದೀರ.”

ಅವಳ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಉಗ್ರಾಣ.

ಇಪ್ಪತ್ತೆಂಟು ವರ್ಷದ ಹಿಂದೆ. ಇದೇ ಮೈದಾನ. ಚೆಂಡು, ಬಲೆ, ಸುಣ್ಣದ ಡಬ್ಬ ಇಡುವ ಇದೇ ಉಗ್ರಾಣ, ತಿಳಿನೀಲಿ ಬಣ್ಣದ ಇದೇ ಮರದ ಬಾಗಿಲು. ಎಕ್ಸಿಲ್ಡಾಗೆ ಇಪ್ಪತ್ತೈದು, ಮುಕುಕಾಗೆ ಇಪ್ಪತ್ತೊಂದು. ಮುಕುಕಾ ಎಡಗಾಲಿನವಳು. ಚೆಂಡು ಹೊಡೆಯುವ ಮೊದಲು ಎಡಗೈ ಸೊಂಟಕ್ಕೆ ಕೊಟ್ಟು, ಬಲಗೈಯಿಂದ ತೊಡೆಗೆ ಎರಡು ಸಲ ಬಡಿದು, ಗೋಲ್‌ಕೀಪರಿಗೆ ಹಲ್ಲು ಕಿರಿಯುತ್ತಿದ್ದಳು. ಮೊದಲ ಪಂದ್ಯದಲ್ಲಿ ಬಿದ್ದ ಆ ಒಂದೇ ಗೋಲು ಅವಳದ್ದು. ಎರಡನೆಯ ಪಂದ್ಯಕ್ಕೆ ಹೊರಡುವ ದಿನ ಒಬ್ಬ ಗಂಡಸು ಡಾಕ್ಟರ್ ಬಂದ. ಇಷ್ಟು ಗಟ್ಟಿಯಾಗಿ ಹೊಡೆಯುವವಳು ಹೆಣ್ಣಾಗಿರಲಾರಳು ಎಂದು ಯಾರೋ ದೂರು ಕೊಟ್ಟಿದ್ದರು. ಬಾಗಿಲಿಗೆ ಚಿಲಕ ಇರಲಿಲ್ಲ. ‘ನೀನು ನಾಯಕಿ ತಾನೇ, ಬಾಗಿಲು ಹಿಡ್ಕೋ, ಯಾರೂ ಒಳಗೆ ಬರಬಾರದು’ ಎಂದ. ಎಕ್ಸಿಲ್ಡಾ ಬೆನ್ನು ಕೊಟ್ಟು ನಿಂತಳು. ಮುಕುಕಾಳ ಮಾನ ಕಾಯುತ್ತಿದ್ದೇನೆ ಅಂದುಕೊಂಡಳು ದಡ್ಡಿ.

ಒಳಗಿನಿಂದ ಮೂರು ಸಲ ಬಡಿದ ಸದ್ದು ಬೆನ್ನಿಗೆ ತಾಗಿತು. “ಎಕ್ಸೀ, ತೆಗಿಯೇ.” ಎಕ್ಸಿಲ್ಡಾ ತೆಗೆಯಲಿಲ್ಲ. “ಒಂದು ನಿಮಿಷ ತಡ್ಕೊಳ್ಳೇ, ಮುಗೀತು,” ಎಂದಳು. ಬಡಿತ ನಿಂತಿತು.

ಡಾಕ್ಟರ್ ಕೈ ಒರೆಸಿಕೊಂಡು ಹೊರಗೆ ಬಂದು ‘ಹೆಣ್ಣು’ ಎಂದು ಬರೆದುಕೊಟ್ಟ. ಮುಕುಕಾ ಪಾಸಾದಳು. ಹೋಗಿ ಆಡಿದಳು ಕೂಡ. ಆದರೆ ವಾಪಸು ಬರುವಷ್ಟರಲ್ಲಿ ಮಾರುಕಟ್ಟೆಗೆಲ್ಲ ಸುದ್ದಿ ಹರಡಿತ್ತು. ಟೊಮೇಟೊ ಮಾರುವವರು, ಬಸ್ ನಿಲ್ದಾಣದ ಪೋಲಿಗಳು, ಚರ್ಚಿನ ಹೆಂಗಸರು, ಎಲ್ಲರ ಬಾಯಲ್ಲೂ ಅವಳ ಹೆಸರು ‘ಬಿಚ್ಚಿ ನೋಡಿದ್ರಂತಲ್ಲ, ಅವಳು’ ಎಂದಾಯಿತು. ಹೆಣ್ಣು ಎಂದು ಬರೆದ ಕಾಗದವನ್ನು ಯಾರೂ ಓದಲಿಲ್ಲ. ನೋಡಿದರು ಎನ್ನುವುದಷ್ಟೇ ಉಳಿಯಿತು. ಮದುವೆ ಮುರಿಯಿತು. ಆಟ ಬಿಟ್ಟಳು. ತಾಯಿಯ ಹಳ್ಳಿಗೆ ಹೋಗಿ ಒಂಬತ್ತು ವರ್ಷ ಬದುಕಿ ಜ್ವರದಲ್ಲಿ ಸತ್ತಳು. ಸುದ್ದಿ ಬಂದ ದಿನ ಎಕ್ಸಿಲ್ಡಾ ಬಟ್ಟೆ ಗಂಟು ಕಟ್ಟಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದಳು. ಆ ತಾಯಿಯ ಮುಂದೆ ಕೂರಲು ಅವಳಿಗೆ ಮುಖ ಇರಲಿಲ್ಲ.

ನಲ್ಲಿಯ ಪಕ್ಕದಲ್ಲೇ ಇದ್ದ ಉಗ್ರಾಣದ ಮುಂದೆ ಬಸ್ಸು ನಿಂತಿತ್ತು. ಹುಡುಗಿಯರು ಚೀಲಗಳನ್ನು ಮೇಲೆ ಹೇರುತ್ತಿದ್ದರು. ಎಕ್ಸಿಲ್ಡಾ ಕಾಗದ, ಪೆನ್ನು ಹಿಡಿದು ಒಳಗೆ ಹೋಗುವಾಗ ಎಲ್ಲರ ಮಾತೂ ನಿಂತಿತು. ಅವರಿಗೆ ಗೊತ್ತಾಗಿತ್ತು.

ಸಂಪಾ ಸುಣ್ಣದ ಡಬ್ಬದ ಮೇಲೆ ಕೂತಿದ್ದಳು. ಹತ್ತೊಂಬತ್ತು ವರ್ಷ. ಒಂಬತ್ತನೇ ವಯಸ್ಸಿನಿಂದ ಅಪ್ಪನ ಜೊತೆ ಕಾಡಿನಿಂದ ಇದ್ದಿಲ ಮೂಟೆ ಹೊತ್ತವಳು. ಆ ಭುಜ ಬಂದದ್ದು ಅಲ್ಲಿಂದ. ಹೊಗೆ ಕುಡಿದು ಕುಡಿದು ಧ್ವನಿ ಒಡೆದಿತ್ತು. ದಿನಕ್ಕೆ ಒಂದು ಹೊತ್ತು ನ್ಶಿಮಾ ಮುದ್ದೆ ತಿಂದು ಬೆಳೆದ ಮೈಯಲ್ಲಿ ಎದೆ ಎಲ್ಲಿಂದ ಬರಬೇಕು? ಅವಳನ್ನು ಹೀಗೆ ಮಾಡಿದ್ದು ಹಸಿವು ಮತ್ತು ಮೂಟೆ. ಈಗ ಅದೇ ಮೈಗೆ ರುಜುವಾತು ಕೊಡು ಎನ್ನುತ್ತಿದ್ದರು.

“ನಾನು ಬಾಗಿಲು ಹಿಡ್ಕೊಂಡಿರ್ತೀನಿ ಬಮಾಯೋ. ಯಾರೂ ಬರಲ್ಲ,” ಎಂದ ಚಿಸೆಂಗಾ ಹೊರಗಿನಿಂದ. ಬಾಗಿಲು ಮುಚ್ಚಿತು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅದಕ್ಕೊಂದು ಚಿಲಕ ಹಾಕಿಸಿರಲಿಲ್ಲ.

ಸಂಪಾ ಎದ್ದು ನಿಂತು ಚಿತೆಂಗೆಯ ಗಂಟಿಗೆ ಕೈ ಹಾಕಿದಳು.

“ಬೇಗ ನೋಡ್ಬಿಡಿ ಬಮಾಯೋ.”

“ಗಂಟು ಹಾಕ್ಕೋ.”

“ನೋಡಿ ಅಂದೆ.”

“ನೋಡಲ್ಲ. ಗಂಟು ಹಾಕ್ಕೋ ಮಗಳೇ.”

“ಹಾಗಾದ್ರೆ ನೋಡದೇ ಬರೀರಿ! ನೋಡಿದೆ ಅಂತ ಸುಳ್ಳು ಬರೀರಿ. ನಂಗೇನೂ ಬೇಜಾರಿಲ್ಲ.”

“ಬರೆದ್ರೆ ನೋಡಿದ ಹಾಗೇ.” ಎಕ್ಸಿಲ್ಡಾ ದನಿ ತಗ್ಗಿಸಿ ಮುಕುಕಾಳ ಕಥೆ ಹೇಳಿದಳು. ಬಾಗಿಲು ಹಿಡಿದದ್ದನ್ನೂ ಹೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಗಂಡನಿಗೂ ಹೇಳಿರಲಿಲ್ಲ. “ಅವಳೂ ಪಾಸಾದಳು ಕಣೇ. ಪಾಸಾದದ್ದೇ ಅವಳನ್ನ ತಿಂದು ಹಾಕ್ತು. ನಾಳೆ ನಿನ್ನನ್ನೂ ಹಾಗೇ ಕರೀತಾರೆ. ನಾಡಿದ್ದು ನಿಮ್ಮ ನಾಯಕಿ ಫೆಬೀನ ಕರೀತಾರೆ. ನನ್ನ ಸಹಿ ತೋರಿಸಿ, ನೋಡಿ, ನಿಮ್ಮ ನಾಚಿಂಬೂಸಾನೇ ಒಪ್ಪಿದಾಳೆ ಅಂತಾರೆ.”

ಸಂಪಾಳ ಕಣ್ಣು ಕೆಂಪಾಯಿತು. “ನಿಮ್ಮ ಪಾಪ ತೊಳ್ಕೊಳ್ಳೋಕೆ ನಾನು ಬೇಕಾ? ನಿಮ್ಮ ಆಟ ಮುಗೀತು. ನಾನು ಹತ್ತು ವರ್ಷ ಮೂಟೆ ಹೊತ್ತಿದೀನಿ ಈ ಬಸ್ಸು ಹತ್ತೋಕೆ! ನಂಗೆ ಆಡಬೇಕು. ಬಟ್ಟೆ ಬಿಚ್ಚು ಅಂದ್ರೆ ಬಿಚ್ತೀನಿ. ಕತ್ತೆ ಥರ ಹಲ್ಲು ತೋರಿಸು ಅಂದ್ರೆ ತೋರಿಸ್ತೀನಿ.”

ಆ ಮಾತು ಕೆನ್ನೆಗೆ ಬಿದ್ದ ಹಾಗಾಯಿತು. ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎಕ್ಸಿಲ್ಡಾ ನೆಲದ ಮೇಲೆ ಕುಸಿದು ಕೂತು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು.

“ಸರಿ. ಮೈ ನಿಂದು, ಮಾತೂ ನಿಂದೇ. ಹಾಕು ಅಂದ್ರೆ ಕಣ್ಣು ಮುಚ್ಕೊಂಡು ಹಾಕ್ತೀನಿ. ಆಮೇಲೆ ನಾಚಿಂಬೂಸಾ ಅಂತ ಯಾರ ಮನೆ ಹೊಸಿಲೂ ಮೆಟ್ಟಲ್ಲ. ಅದು ನನ್ನ ಪಾಡು, ನಿಂಗೆ ಬೇಡ. ಆದ್ರೆ ಒಳಗೆ ಉಸಿರು ಕಟ್ಟಿದ ಹಾಗಾಗಿ ಬಾಗಿಲು ಬಡೀಬೇಕು ಅನ್ಸಿದ್ರೆ ಬಡಿ. ಈ ಸಲ ನಾನು ಒಳಗಡೆ ಇದೀನಿ.”

ಸಂಪಾ ನಿಂತೇ ಇದ್ದಳು. ಹೊರಗೆ ಚಿಸೆಂಗಾ ಕೆಮ್ಮಿದ. “ಆಯ್ತಾ ಬಮಾಯೋ? ಏನು ಕಂಡ್ರಿ?” ಎಂದ. ಪಕ್ಕದಲ್ಲಿ ಯಾರೋ ಗಂಡಸು ನಕ್ಕ ಸದ್ದು ಕೇಳಿತು.

ಸಂಪಾ ಚಿತೆಂಗೆಯ ಗಂಟನ್ನು ಎಳೆದು ಬಿಗಿದಳು. ಬಾಗಿಲ ಬಳಿ ಹೋಗಿ ಅಂಗೈಯಿಂದ ಬಡಿದಳು. ಒಂದು. ಎರಡು. ಮೂರು.

“ತೆಗೀರಿ.”

“ಸಹಿ ಆಯ್ತಾ?”

“ತೆಗೀರಿ ಅಂದೆ!”

“ಸಹಿ ಆಗದೆ ತೆಗೆಯಲ್ಲ. ಒಂದು ನಿಮಿಷ ತಡ್ಕೋ ಹುಡುಗಿ.”

ಒಂದು ನಿಮಿಷ ತಡ್ಕೋ. ಅದೇ ಮಾತು. ಎಕ್ಸಿಲ್ಡಾಳ ಮೈಯೆಲ್ಲ ಬೆಂಕಿ ಹತ್ತಿಕೊಂಡಿತು. ಎದ್ದು ಬಂದು ಸಂಪಾಳ ಪಕ್ಕದಲ್ಲಿ ಭುಜ ಕೊಟ್ಟಳು. ಒಂದು ಮುದುಕಿಯ ಭುಜ, ಬಟ್ಟೆ ಕುಕ್ಕಿದ್ದು. ಒಂದು ಹುಡುಗಿಯ ಭುಜ, ಮೂಟೆ ಹೊತ್ತದ್ದು. ಹೊರಗಿನವನು ಎರಡೂ ಕೈಯಿಂದ ತಡೆದು ಹಿಡಿದಿದ್ದ. ಮೊದಲ ನೂಕಿಗೆ ಬಾಗಿಲು ನರಳಿತು. ಎರಡನೆಯದಕ್ಕೆ ಗೆದ್ದಲು ತಿಂದ ಚೌಕಟ್ಟಿನಿಂದ ಮೇಲಿನ ತಿರುಗಣಿ ಕಿತ್ತು ಬಂತು. ಮೂರನೆಯದಕ್ಕೆ ಬಾಗಿಲು ಇಡಿಯಾಗಿ ಹೊರಕ್ಕೆ ಬಿತ್ತು. ಚಿಸೆಂಗಾ ಹಿಂದಕ್ಕೆ ಮುಗ್ಗರಿಸಿ ಕೆಂಪು ಮಣ್ಣಿನಲ್ಲಿ ಕೂತ.

“ಗಂಡು! ಇದು ಗಂಡೇ! ಹೆಣ್ಣಿಗೆ ಇಷ್ಟು ಬಲ ಇರುತ್ತಾ?” ಎಂದು ಕೂಗಿದ ಅವನು, ಕೋಟು ಕೊಡವಿಕೊಳ್ಳುತ್ತ. “ಸಂಪಾ, ನಿನ್ನ ಹೆಸರು ತೆಗೆದೆ. ಚೀಲ ಕೆಳಗಿಳಿಸು. ಮಿಕ್ಕವರೆಲ್ಲ ಬಸ್ಸು ಹತ್ರೀ!”

“ಬಲದಲ್ಲಿ ಅರ್ಧ ನಂದು,” ಎಂದಳು ಎಕ್ಸಿಲ್ಡಾ. “ನಾನು ಐದು ಹೆತ್ತಿದೀನಿ. ನನ್ನನ್ನೂ ನೋಡ್ತೀರಾ? ಗಂಡಸರ ತಂಡ ಹೋದ ತಿಂಗಳು ಹೊರಟಾಗ ಯಾರ ಚಡ್ಡಿ ಬಿಚ್ಚಿ ಯಾರು ಸಹಿ ಹಾಕಿದ್ರು ಬ್ವಾನಾ? ಆ ಕಾಗದ ತೋರಿಸಿ.”

ಬಾಗಿಲು ಬಸ್ಸಿನ ಮುಂದಿನ ಚಕ್ರಕ್ಕೆ ಅಡ್ಡವಾಗಿ ಬಿದ್ದಿತ್ತು. ಎಕ್ಸಿಲ್ಡಾ ನಡೆದು ಹೋಗಿ ಅದರ ಮೇಲೆ ಕೂತಳು. ಎರಡೂ ಕಾಲು ಮುಂದಕ್ಕೆ ನೀಡಿದಳು. ಹೆಗಲ ಮೇಲಿನ ಬಟ್ಟೆಯನ್ನು ತಲೆಗೆ ಹೊದ್ದುಕೊಂಡಳು. ಆಮೇಲೆ ಬಾಯಿಬಿಟ್ಟು ಅತ್ತಳು. ಸಾವಿನ ಮನೆಯ ಅಳು ಅದು. ಊರಿಗೆಲ್ಲ ಕೇಳಿಸುವ ಹಾಗೆ, ಸತ್ತವರ ಹೆಸರು ಹಿಡಿದು ಕರೆಯುವಂಥದ್ದು.

ನಾಯಕಿ ಫೆಬಿ ಹತ್ತಿರ ಬಂದು ಮೊಣಕಾಲೂರಿದಳು. “ಯಾರು ಸತ್ರು ಬಮಾಯೋ?”

“ಮುಕುಕಾ.”

“ಯಾವಾಗ?”

“ಹತ್ತೊಂಬತ್ತು ವರ್ಷ ಆಯ್ತು. ನಮ್ಮ ತಂಡಕ್ಕೆ ಮೊದಲ ಗೋಲು ಹೊಡೆದವಳು. ಈ ಬಾಗಿಲ ಹಿಂದೆ ಸತ್ತಳು. ನಾನು ಅಳೋಕೆ ಹೋಗಿರಲಿಲ್ಲ.”

ಫೆಬಿ ತಿರುಗಿ ಬಸ್ಸಿನ ಕಡೆ ನೋಡಿದಳು. ಅವಳಿಗೂ ಈ ಪಂದ್ಯ ಬೇಕಿತ್ತು. ಅವಳಿಗೆ ಮೂವತ್ತು, ಇನ್ನೊಂದು ಸಲ ಸಿಗುವುದಿಲ್ಲ. ಮುಖದಲ್ಲಿ ಅದೆಲ್ಲ ಹಾದುಹೋಯಿತು. ಆಮೇಲೆ ಚೀಲದಿಂದ ಚಿತೆಂಗೆ ತೆಗೆದು, ಆಟದ ಚಡ್ಡಿಯ ಮೇಲೆ ಸುತ್ತಿಕೊಂಡು, ಎಕ್ಸಿಲ್ಡಾಳ ಪಕ್ಕದಲ್ಲಿ ಕಾಲು ನೀಡಿ ಕೂತಳು. ಸಂಪಾ ಕೂತಳು. ಬಸ್ಸಿನೊಳಗೆ ಹತ್ತಿದ್ದವರೂ ಇಳಿದು ಬಂದರು. ಚಿತೆಂಗೆ ಇಲ್ಲದೆ ಯಾವ ಹೆಂಗಸೂ ಮನೆ ಬಿಡುವುದಿಲ್ಲವಲ್ಲ, ಎಲ್ಲರ ಚೀಲದಲ್ಲೂ ಇತ್ತು. ಇಪ್ಪತ್ತಮೂರು ಜನ ಬಸ್ಸಿನ ಸುತ್ತ ಕಾಲು ನೀಡಿ ಕೂತರು. ಸಾವಿಗೆ ಕೂತ ಹೆಂಗಸರ ಕಾಲು ದಾಟುವ ಹಾಗಿಲ್ಲ. ಚಿಸೆಂಗಾ ಕೋಟು ಹಾಕಿದ್ದ, ಟೈ ಕಟ್ಟಿದ್ದ. ಆದರೆ ಅವನೂ ಇದೇ ಮಣ್ಣಿನವನು. ಒಂದು ಕಾಲು ಎತ್ತಿದವನು ಹಾಗೇ ಹಿಂದಕ್ಕೆ ಇಟ್ಟ.

“ನಾಟಕ! ಇದೆಲ್ಲ ನಾಟಕ!” ಎಂದ. “ಜೆರೆ, ಬಸ್ಸು ಹಿಂದಕ್ಕೆ ತೆಗಿ. ಆ ಕಡೆಯಿಂದ ತಿರುಗಿಸು.”

ಜೆರೆ ಬಸ್ಸಿನಿಂದ ಇಳಿದ. ಟೋಪಿ ತೆಗೆದ. ನಲ್ಲಿಯ ಬಳಿಯ ಬಕೆಟ್ಟಿನಲ್ಲಿ ಹಿಂಡಿಟ್ಟಿದ್ದ ಒದ್ದೆ ಅಂಗಿಯೊಂದನ್ನು ತೆಗೆದು ತಲೆಗೆ ಸುತ್ತಿಕೊಂಡ. ಹೆಂಗಸರ ಮುಂದೆ ಬಂದು ನಿಂತು ಎಡಗೈಯನ್ನು ಸೊಂಟಕ್ಕೆ ಕೊಟ್ಟ. ಬಲಗೈಯಿಂದ ತೊಡೆಗೆ ಎರಡು ಸಲ ಬಡಿದ. ಹಲ್ಲು ಕಿರಿದ. ಬಸ್ಸಿನ ಕೀಲಿಯನ್ನು ನೆಲದ ಮೇಲಿಟ್ಟು ಎಡಗಾಲಲ್ಲಿ ಒದ್ದ. ಕೀಲಿ ಜಾರಿಕೊಂಡು ಹೋಗಿ ಎಕ್ಸಿಲ್ಡಾಳ ಕಾಲಿನ ನಡುವೆ ನಿಂತಿತು.

“ಗೋಲು!” ಎಂದ ಜೆರೆ. “ನೋಡೇ ಕೋತಿ ತಿನ್ನೋಳೆ, ಆವತ್ತೂ ಹಿಡೀಲಿಲ್ಲ, ಇವತ್ತೂ ಹಿಡೀಲಿಲ್ಲ. ನಿನ್ನನ್ನ ಗೋಲ್‌ಕೀಪರ್ ಮಾಡಿದವನು ಯಾವನು?”

ಎಕ್ಸಿಲ್ಡಾ ಅಳುತ್ತಳುತ್ತಲೇ ನಕ್ಕಳು. ಅವನು ಮುಕುಕಾಳನ್ನು ನೆನಪಿಟ್ಟುಕೊಂಡಿದ್ದ. ಜಗತ್ತಿನಲ್ಲಿ ಇನ್ನೊಬ್ಬರು ನೆನಪಿಟ್ಟುಕೊಂಡಿದ್ದರು. ಹುಡುಗಿಯರೂ ನಕ್ಕರು, ಅತ್ತರು, ಯಾವುದು ಯಾವುದೆಂದು ಗೊತ್ತಾಗದ ಹಾಗೆ.

“ಜೆರೆ! ಕೀಲಿ ತಗೋ!”

“ಆಗಲ್ಲ ಬ್ವಾನಾ. ಇದು ಬೆಂಬಾಗಳ ಸಾವು. ನಾನು ಇವರ ನಂಟ. ಸಾವಿನ ಯಜಮಾನಿ ಏಳು ಅನ್ನದೆ ನಾನು ಹೆಜ್ಜೆ ಎತ್ತಿದ್ರೆ ನನ್ನ ಅಜ್ಜಂದಿರು ಗೋರಿಯಿಂದ ಎದ್ದು ಬಂದು ಒದೀತಾರೆ. ನನ್ನ ಕೆಲ್ಸ ತೆಗೀತೀರಾ? ತೆಗೀರಿ. ಇನ್ನೊಬ್ಬ ಡ್ರೈವರ್ ಬರೋ ಅಷ್ಟರಲ್ಲಿ ವಿಮಾನ ಮೇಲೆ ಹೋಗಿರುತ್ತೆ.”

ಚಿಸೆಂಗಾನ ಫೋನು ಬಡಿದುಕೊಂಡಿತು. ರಾಜಧಾನಿಯಿಂದ. ಅವನು ಬೆನ್ನು ತಿರುಗಿಸಿ ಮಾತಾಡಿದ. “ಹೊರಟಿದೀವಿ ಸರ್. ಹೌದು ಸರ್, ಎಲ್ಲರೂ,” ಎಂದ. ಎರಡು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಗೇಟಿನ ಆಚೆ ಜನ ಸೇರಿದ್ದರು. ಸಾವಿನ ಅಳು ಕೇಳಿ ಬಂದವರು, ತರಕಾರಿ ಬುಟ್ಟಿ ಹೊತ್ತವರು, ಮಗು ಕಟ್ಟಿಕೊಂಡವರು. ಯಾರು ಹೋದದ್ದು ಎಂದು ಕೇಳುತ್ತಿದ್ದರು. ಮುಕುಕಾ, ಮುಕುಕಾ ಎಂದು ಬಾಯಿಂದ ಬಾಯಿಗೆ ಹೋಗುತ್ತಿತ್ತು. ನೆನಪಿದ್ದ ಒಬ್ಬಿಬ್ಬರು ಮುದುಕಿಯರು ಗೇಟಿನ ಆಚೆಯೇ ಕಾಲು ನೀಡಿ ಕೂತರು.

“ಹತ್ತಿ,” ಎಂದ ಅವನು ನೆಲ ನೋಡುತ್ತ.

“ಎಷ್ಟು ಜನ?” ಎಂದಳು ಫೆಬಿ.

“ಎಲ್ಲರೂ.”

“ಕಾಗದ?”

ಎಕ್ಸಿಲ್ಡಾಳ ಕೈಯಲ್ಲಿ ಅದು ಮುದ್ದೆಯಾಗಿತ್ತು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಪಕ್ಕದ ಸಾಬೂನು ನೀರಿನ ಬೋಗುಣಿಗೆ ಅದ್ದಿ, ಕೊಳೆ ಅಂಗಿ ಉಜ್ಜುವ ಹಾಗೆ ಎರಡೂ ಕೈಯಿಂದ ಉಜ್ಜಿದಳು. ಅವಳ ಹೆಸರು, ಸಂಪಾಳ ಹೆಸರು, ತಜ್ಞೆ ಎಂಬುದು, ಎಲ್ಲ ನೀರಿನಲ್ಲಿ ಚೂರುಚೂರಾಯಿತು.

“ನಾಳೆಯಿಂದ ನಿನ್ನ ಮುಖ ಇಲ್ಲಿ ಕಾಣಬಾರದು ಒಗೆಯೋಳೆ,” ಎಂದ ಚಿಸೆಂಗಾ. “ಹೋಗೋ ಮುಂಚೆ ಆ ಬಾಗಿಲು ಇರಬೇಕಾದ ಜಾಗದಲ್ಲಿ ಇಟ್ಟು ಹೋಗು.”

ಹುಡುಗಿಯರು ಏಳಲಿಲ್ಲ. “ಬಮಾಯೋ ಕೆಲ್ಸ ಹೋದ್ರೆ ನಾವೂ ಹೋಗಲ್ಲ,” ಎಂದಳು ಯಾರೋ ಹಿಂದಿನಿಂದ.

“ಏಳ್ರೇ,” ಎಂದಳು ಎಕ್ಸಿಲ್ಡಾ. ಮೂಗು ಒರೆಸಿಕೊಂಡಳು. “ಸಾವಿನ ಮನೇಲಿ ಎಷ್ಟು ದಿನ ಕೂರ್ತೀರಾ? ನಂಗೆ ಅಳಬೇಕಿತ್ತು, ಅತ್ತೆ. ನಿಮಗೆ ಆಡಬೇಕು, ಹೋಗಿ ಆಡಿ. ಜೆರೆ, ಏಳೋ ಇಲಿ ತಿನ್ನೋನೆ.”

“ನನ್ನ ಪಾಲು?”

ಅವಳು ಬೋಗುಣಿಯ ಪಕ್ಕದಲ್ಲಿದ್ದ ಅರ್ಧ ಸಾಬೂನನ್ನು ಅವನ ಕೈಗಿಟ್ಟಳು. “ತಗೋ. ಹುಟ್ಟಿದಾಗಿನಿಂದ ಮೈ ತೊಳೆದಿಲ್ಲ ನೀನು.” ಕೀಲಿಯನ್ನೂ ಕೊಟ್ಟಳು.

ಎಲ್ಲರೂ ಸೇರಿ ಬಾಗಿಲನ್ನು ಎತ್ತಿ ಪಕ್ಕಕ್ಕಿಟ್ಟರು. ಬಸ್ಸು ಗುರುಗುಟ್ಟಿತು. ಸಂಪಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಒಳಗೆ ಹೋದಾಗಿನ ಸಿಟ್ಟು ಅವಳ ಮುಖದಲ್ಲಿ ಪೂರ್ತಿ ಹೋಗಿರಲಿಲ್ಲ.

“ಅಲ್ಲೂ ಕೇಳಿದ್ರೆ ಬಮಾಯೋ?”

“ಕೇಳಬಹುದು.”

“ಅಲ್ಲಿ ನೀವಿರಲ್ಲ.”

“ಇಪ್ಪತ್ತೆರಡು ಜನ ಇರ್ತಾರೆ. ಬಾಗಿಲು ಎಲ್ಲಾ ಕಡೆ ಮರದ್ದೇ ಕಣೇ.”

ಸಂಪಾ ನಗಲಿಲ್ಲ. ತಲೆಯಾಡಿಸಿ ಒಳಕ್ಕೆ ಎಳೆದುಕೊಂಡಳು. ಚಿಸೆಂಗಾನನ್ನೂ ಹತ್ತಿಸಿಕೊಂಡು ಬಸ್ಸು ಕೆಂಪು ಧೂಳೆಬ್ಬಿಸುತ್ತ ಗೇಟು ದಾಟಿತು. ಜನ ಚದುರಿದರು. ಮೈದಾನದಲ್ಲಿ ಎಕ್ಸಿಲ್ಡಾ ಒಬ್ಬಳೇ ಉಳಿದಳು, ಬಾಗಿಲು ಉಳಿಯಿತು.

ಇರಬೇಕಾದ ಜಾಗದಲ್ಲಿ ಇಟ್ಟು ಹೋಗು ಎಂದಿದ್ದನಲ್ಲ. ಅವಳು ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆರೆದು ಆರಿದ ಇದ್ದಿಲ ತುಂಡೊಂದನ್ನು ಆರಿಸಿದಳು. ಬಾಗಿಲ ಪಕ್ಕ ಮೊಣಕಾಲೂರಿ ತಿಳಿನೀಲಿ ಬಣ್ಣದ ಮೇಲೆ ಗಟ್ಟಿಯಾಗಿ ಒತ್ತಿ ಬರೆದಳು. ಮುಕುಕಾ, ಎಡಗಾಲು, ಮೊದಲ ಗೋಲು. ಅದರ ಕೆಳಗೆ ಇನ್ನೊಂದು ಹೆಸರು. ಅದರ ಕೆಳಗೆ ಇನ್ನೊಂದು. ಎರಡು ಹೆಸರು ನೆನಪಾಗಲು ತುಂಬ ಹೊತ್ತು ಹಿಡಿಯಿತು. ಅಲ್ಲಿಯವರೆಗೂ ಕೂತೇ ಇದ್ದಳು. ಹನ್ನೊಂದನೆಯದು ತನ್ನದು. ಅದರ ಮುಂದೆ ಸ್ವಲ್ಪ ಯೋಚಿಸಿ ಬರೆದಳು: ಗೋಲ್‌ಕೀಪರ್, ಬಾಗಿಲು ಹಿಡಿದವಳು.

ಬಾಗಿಲು ಭಾರವಿತ್ತು. ಒಂದು ತುದಿಯನ್ನು ಹೆಗಲಿಗೇರಿಸಿ, ಇನ್ನೊಂದು ತುದಿಯನ್ನು ನೆಲಕ್ಕೆ ಎಳೆಯುತ್ತ ಕಚೇರಿಯ ಮೆಟ್ಟಿಲು ಹತ್ತಿಸಿದಳು. ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡಳು. ಪಡಸಾಲೆಯ ಗೋಡೆಯಲ್ಲಿ ‘ನಮ್ಮ ಇತಿಹಾಸ’ ಎಂದು ಬರೆದ ಕೆಳಗೆ, ಮೊದಲ ಫೋಟೋಗಿಂತ ಮುಂಚಿನ ಖಾಲಿ ಜಾಗದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದಳು. ಬಾಗಿಲಿನ ತುದಿ ಎಳೆದುಕೊಂಡು ಬಂದ ಉದ್ದಕ್ಕೂ ನೆಲದ ಮೇಲೆ ಕೆಂಪು ಮಣ್ಣಿನ ಗೆರೆ ಬಿದ್ದಿತ್ತು.

ಆ ದಿನ ಅವಳು ಪಡಸಾಲೆ ಒರೆಸಲಿಲ್ಲ.